ಕಮಾನಿನ ಧರ್ಮಾಧರ್ಮ

ದೇವರಿಗೆಂದು ಎತ್ತಿದ ಕಟ್ಟಡಕ್ಕೆ ಸತ್ಯವಾದ ಆಕಾರವೆಂಬುದೊಂದು ಉಂಟೆ? ಉಂಟೆಂದಾದರೆ, ಆ ಆಕಾರವನ್ನೇ ಸತ್ಯವೆಂದು ನಂಬಿದ ಶಿಲ್ಪಿ ಮುಂದೊಂದು ದಿನ ಬೇರೊಂದು ಆಕಾರದಲ್ಲಿ ಕಟ್ಟಿದಾಗ ಅವನು ಬಿಟ್ಟುಕೊಟ್ಟದ್ದು ಬರಿಯ ಅಭಿರುಚಿಯನ್ನೋ, ಧರ್ಮವನ್ನೋ? ಪೂಜೆಯ ವಿಧಿ, ವಿಗ್ರಹದ ಲಕ್ಷಣ, ಪ್ರಾರ್ಥನೆಯ ಭಾಷೆ ಇವುಗಳನ್ನು ಕುರಿತು ಮತಧರ್ಮಗಳೊಳಗೆ ಎದ್ದ ಎಷ್ಟೋ ವಿವಾದಗಳ ಬೇರಿನಲ್ಲಿ ಈ ಸಂದೇಹವೇ ಅಡಗಿರುವುದಾದರೂ, 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ಕಲ್ಲು ಇಟ್ಟಿಗೆಗಳ ಭಾಷೆಯನ್ನು ತಾಳಿ, ಚೂಪು ಕಮಾನಿಗೂ ದುಂಡು ಕಮಾನಿಗೂ ನಡೆದ ಕಲಹವಾಗಿ, ಪಾರ್ಲಿಮೆಂಟಿನ ವಾಗ್ವಾದದವರೆಗೂ ಬೆಳೆಯಿತು. ಆ ಕಲಹದ ನಡುವೆ ನಿಂತು, ಒಂದೊಂದು ಕಾಲದಲ್ಲಿ ಒಂದೊಂದು ಪಕ್ಷದ ಕೆಲಸವನ್ನು ಮಾಡಿ, 800ಕ್ಕೂ ಹೆಚ್ಚು ಕಟ್ಟಡಗಳಲ್ಲಿ ತನ್ನ ಕೈಯನ್ನೋ ತನ್ನ ಕಚೇರಿಯ ಕೈಯನ್ನೋ ಆಡಿಸಿ, ಕಡೆಗೆ ವೆಸ್ಟ್‌ಮಿನ್‌ಸ್ಟರ್ ಆಬೆಯ ನೆಲದಲ್ಲಿ ಸಮಾಧಿಯನ್ನು ಪಡೆದವನು ಜಾರ್ಜ್ ಗಿಲ್ಬರ್ಟ್ ಸ್ಕಾಟ್. ಅವನ ವೃತ್ತಿಜೀವನದಲ್ಲಿ ಶೈಲಿಯು ಬದಲಾದ ಬಗೆಯನ್ನು ಅನುಸರಿಸಿ ನೋಡಿದರೆ ಮೇಲಿನ ಪ್ರಶ್ನೆಗೆ ಒಂದು ಉತ್ತರ ದೊರೆಯುವುದೆಂದೂ, ಆ ಉತ್ತರವು ಅಂದಿನ ವಾದಿಗಳು ಹುಡುಕಿದ ಕಡೆಯಲ್ಲಿ ಇಲ್ಲವೆಂದೂ ನನಗೆ ತೋರುತ್ತದೆ.

ಸ್ಕಾಟ್ ಹುಟ್ಟಿದ್ದು 1811ರಲ್ಲಿ, ಬಕಿಂಗ್‌ಹ್ಯಾಮ್‌ಷೈರ್ ಪ್ರಾಂತದ ಗಾಕಟ್ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ, ತಾತನಾದ ಥಾಮಸ್ ಸ್ಕಾಟನು ಬೈಬಲ್ಲಿಗೆ ಬರೆದ ವ್ಯಾಖ್ಯಾನದಿಂದ ಮನೆಮನೆಗಳಲ್ಲಿ ಹೆಸರಾಗಿದ್ದವನು. ಆ ಮನೆತನದ ಮತಭಾವವು ಇವಾಂಜೆಲಿಕಲ್ ಪಂಥದ್ದು: ಪಾಪಪ್ರಜ್ಞೆ, ಅಂತರಂಗದ ಎಚ್ಚರ, ದೇವರ ಕೃಪೆಯಿಂದ ಮನಸ್ಸು ಒಮ್ಮೆಲೇ ತಿರುಗಿಕೊಳ್ಳುವುದು—ಇವೇ ಅಲ್ಲಿ ಮುಖ್ಯ, ಚರ್ಚಿನ ಗೋಡೆಗೆ ಎಂಥ ಕಿಟಕಿಯಿರಬೇಕೆಂಬುದು ಗೌಣ. ಆದರೂ ಹುಡುಗನು ಹತ್ತಿರದ ಹಿಲ್ಸ್‌ಡನ್ ಗ್ರಾಮದ ಹಳೆಯ ಚರ್ಚಿಗೆ ಹೋಗಿ ಅದರ ಕಲ್ಲುಗೆಲಸವನ್ನು ಬರೆದುಕೊಳ್ಳುತ್ತಿದ್ದನು. ಒಳಗಿನದೇ ಸತ್ಯವೆಂದು ಬೋಧಿಸುವ ಮನೆ, ಹೊರಗಿನದನ್ನು ಮೆಚ್ಚುವ ಕಣ್ಣು: ಈ ಎರಡರ ನಡುವಣ ಸೆಳೆತವು ಅವನನ್ನು ಕೊನೆಯವರೆಗೂ ಬಿಡಲಿಲ್ಲ.

1835ರ ಆರಂಭದಲ್ಲಿ ತಂದೆ ತೀರಿಕೊಂಡರು. ಅದಕ್ಕೆ ಹಿಂದಿನ ವರ್ಷವೇ ಇಂಗ್ಲೆಂಡಿನಲ್ಲಿ ಬಡವರ ಪೋಷಣೆಯ ಹೊಸ ಶಾಸನ ಜಾರಿಗೆ ಬಂದು, ದಿಕ್ಕಿಲ್ಲದವರಿಗೆ ಮನೆಯ ಬಾಗಿಲಲ್ಲಿ ನೆರವು ಕೊಡುವ ಪದ್ಧತಿಯನ್ನು ತಗ್ಗಿಸಿ, ಹೊಟ್ಟೆಗಿಲ್ಲದವನು ವರ್ಕ್‌ಹೌಸ್ ಎಂಬ ದುಡಿಮೆಯ ಮನೆಯೊಳಕ್ಕೆ ಬಂದೇ ಅನ್ನವನ್ನು ಪಡೆಯತಕ್ಕದ್ದೆಂದು ವಿಧಿಸಿತ್ತು. ಆಶ್ರಯವು ಸುಖವಾಗಿದ್ದರೆ ಜನ ಸೋಮಾರಿಗಳಾಗುವರೆಂಬ ಭಯದಿಂದ, ಒಳಗಿನ ಬಾಳು ಹೊರಗಿನ ಅತಿ ಬಡ ಕೂಲಿಯವನ ಬಾಳಿಗಿಂತಲೂ ಕೀಳಾಗಿರಬೇಕೆಂಬುದೇ ಅದರ ತತ್ತ್ವ. ಅಂಥ ಮನೆಗಳು ಊರೂರಿಗೆ ಬೇಕಾದವು. ಅವುಗಳಿಗೆ ಮಾದರಿ ನಕ್ಷೆಗಳನ್ನು ರಚಿಸಿಕೊಟ್ಟ ಸ್ಯಾಂಪ್ಸನ್ ಕೆಂಪ್‌ಥಾರ್ನನ ಬಳಿ ಸ್ವಲ್ಪ ಕಾಲ ಕೆಲಸಮಾಡಿದ್ದ ತರುಣ ಸ್ಕಾಟನು, ತಂದೆಯ ಸಾವಿನಿಂದ ಸಂಸಾರಕ್ಕೆ ಒದಗಿದ ಸಂಕಟವನ್ನು ಮುಂದಿಟ್ಟು, ತಂದೆಯ ಪ್ರಭಾವಶಾಲಿ ಮಿತ್ರರಿಗೆಲ್ಲ ಪತ್ರ ಬರೆದು ಕೆಲಸವನ್ನು ಯಾಚಿಸಿದನು. ಕೆಲಸ ಸಿಕ್ಕಿತು. ಮಾಫಟ್ ಎಂಬ ಚುರುಕು ಪಾಲುದಾರನೊಡನೆ ಕೂಡಿ ಹತ್ತು ವರ್ಷಗಳೊಳಗೆ ಅವನು 40ಕ್ಕೂ ಹೆಚ್ಚು ವರ್ಕ್‌ಹೌಸುಗಳನ್ನು ಕಟ್ಟಿದನು. ಶೈಲಿಯ ವಿಷಯದಲ್ಲಿ ಆಗ ಅವನಿಗೆ ವ್ರತವೇನೂ ಇರಲಿಲ್ಲ: ಕೆಲವಕ್ಕೆ ಬೋಳು ಗೋಡೆ, ಕೆಲವಕ್ಕೆ ಎಲಿಜಬೆತ್ ರಾಣಿಯ ಕಾಲದ ಮನೆಗಳಂಥ ಮುಂಭಾಗ, ರೆಡಿಂಗ್ ನಗರದ ಸೆರೆಮನೆಗೆ ಕೋಟೆಯ ವೇಷ.

ಕೆಂಪ್‌ಥಾರ್ನನ ಮಾದರಿ ನಕ್ಷೆಗಳಲ್ಲೊಂದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಚೌಕವಾದ ಆವರಣದ ಗೋಡೆ; ಅದರೊಳಗೆ ಶಿಲುಬೆಯ ಆಕಾರದಲ್ಲಿ ನಾಲ್ಕು ತೋಳುಗಳು; ತೋಳುಗಳು ಕೂಡುವ ನಡುವಿನಲ್ಲಿ ಮೇಲ್ವಿಚಾರಕನ ಕೋಣೆ; ತೋಳುಗಳ ನಡುವೆ ಉಳಿದ ನಾಲ್ಕು ಅಂಗಳಗಳು ಗಂಡಸರಿಗೊಂದು, ಹೆಂಗಸರಿಗೊಂದು, ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು. ದಾರಿದ್ರ್ಯದಿಂದ ನೊಂದ ಒಂದು ಸಂಸಾರವು ಒಂದೇ ಬಾಗಿಲಿನಿಂದ ಒಳಹೊಕ್ಕು, ಗಂಡನು ಒಂದು ಅಂಗಳಕ್ಕೆ, ಹೆಂಡತಿ ಮತ್ತೊಂದಕ್ಕೆ, ಮಕ್ಕಳು ಇನ್ನುಳಿದವಕ್ಕೆ ಹಂಚಿಹೋಗಬೇಕು. ನಡುವೆ ಕುಳಿತವನ ಕಣ್ಣು ಮಾತ್ರ ಎಲ್ಲ ಅಂಗಳಗಳ ಮೇಲೂ ಆಡುತ್ತಿರಬೇಕು. ಯಾವ ಶಿಲುಬೆಯನ್ನು ಚರ್ಚಿನ ತಳಹದಿಯಲ್ಲಿ ವಿಮೋಚನೆಯ ಗುರುತಾಗಿ ಬರೆಯುತ್ತಿದ್ದರೋ, ಅದೇ ಆಕೃತಿಯು ಇಲ್ಲಿ ತಾಯಿಮಕ್ಕಳನ್ನು ಅಗಲಿಸುವ ಉಪಾಯವಾಗಿತ್ತು. ಆ ಶಾಸನದ ಕ್ರೌರ್ಯವನ್ನು ಖಂಡಿಸಿದವರು ಆಗಲೂ ಅನೇಕರಿದ್ದರು. ಆದರೆ ಶಿಲ್ಪದ ಧರ್ಮವನ್ನು ಕುರಿತು ಮುಂದೆ ನಡೆದ ಮಹಾವಾದದಲ್ಲಿ ಸ್ಕಾಟನ ಮೇಲೆ ಬಂದ ದೊಡ್ಡ ಆರೋಪಗಳು ಈ ನಕ್ಷೆಗಳಿಗೆ ಸಂಬಂಧಿಸಿದವಲ್ಲ. ಓದುಗರು ಇದನ್ನು ನೆನಪಿನಲ್ಲಿಡಬೇಕು.

ಸ್ಕಾಟನ ಮನಸ್ಸು ತಿರುಗಿದ್ದು ಪ್ಯೂಜಿನನ ಬರವಣಿಗೆಯಿಂದ. ಅಗಸ್ಟಸ್ ವೆಲ್ಬಿ ಪ್ಯೂಜಿನನು ಸ್ಕಾಟನಿಗಿಂತ ಒಂದು ವರ್ಷಕ್ಕೆ ಕಿರಿಯ. 1835ರಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿ, ಮರುವರ್ಷವೇ ‘ಕಾಂಟ್ರಾಸ್ಟ್ಸ್’ ಎಂಬ ಸಚಿತ್ರ ಗ್ರಂಥದಲ್ಲಿ ಮಧ್ಯಯುಗದ ಪುರವನ್ನೂ ತನ್ನ ಕಾಲದ ಪುರವನ್ನೂ ಎದುರುಬದುರಾಗಿ ಇಟ್ಟು, ಶಿಲ್ಪವು ಕೆಟ್ಟದ್ದು ಶ್ರದ್ಧೆಯು ಕೆಟ್ಟದ್ದರಿಂದ ಎಂದು ಸಾರಿದವನು. ಅವನ ವಾದಕ್ಕೆ ಎರಡು ಅಂಗಗಳು. ಒಂದನೆಯದು ಯುಕ್ತಿಯದು: ಉಪಯೋಗಕ್ಕೆ, ರಚನೆಗೆ, ಔಚಿತ್ಯಕ್ಕೆ ಬೇಡವಾದ ಯಾವ ಅಂಗವೂ ಕಟ್ಟಡದಲ್ಲಿ ಇರಕೂಡದು, ಅಲಂಕಾರವೆಂಬುದು ಅವಶ್ಯವಾದ ರಚನೆಯನ್ನು ಸಿಂಗರಿಸಬೇಕೇ ಹೊರತು ಅಲಂಕಾರಕ್ಕಾಗಿ ರಚನೆಯನ್ನು ಹೂಡಬಾರದು. ಎರಡನೆಯದು ಶ್ರದ್ಧೆಯದು: ಗ್ರೀಕರ ದೇಗುಲವು ಅನ್ಯದೇವತೆಗಳಿಗಾಗಿ ಹುಟ್ಟಿದ ಆಕಾರ; ಶಿಲುಬೆಯಂತೆ ಹರಡಿದ ತಳ, ತ್ರಿಯೇಕದೇವರ ತತ್ತ್ವವನ್ನು ಸೂಚಿಸುವ ಮೂರುಮೂರು ಅಂಗಗಳು, ಪುನರುತ್ಥಾನವನ್ನು ನೆನಪಿಸುವ ಊರ್ಧ್ವಗತಿ ಇವುಗಳಿಂದ ಕೂಡಿದ ಚೂಪು ಕಮಾನಿನ ಗೋಥಿಕ್ ಶಿಲ್ಪವೊಂದೇ ಕ್ರೈಸ್ತಧರ್ಮದ ನಿಜವಾದ ಶರೀರ. ಆದಕಾರಣ ಕ್ರೈಸ್ತನೊಬ್ಬನು ರೋಮನ್ ಕಂಬಗಳ ನಡುವೆ ಪ್ರಾರ್ಥಿಸುವುದು ಅವನ ದೃಷ್ಟಿಯಲ್ಲಿ ಬರಿಯ ಅರಸಿಕತೆಯಲ್ಲ, ಸುಳ್ಳು.

ಈ ಮಾತನ್ನು ಓದಿದಾಗ ತನಗೆ ಆದದ್ದನ್ನು ಸ್ಕಾಟನು ಮುಂದೆ ಆತ್ಮಕಥನದಲ್ಲಿ ವರ್ಣಿಸುವಾಗ ಬಳಸಿದ ಭಾಷೆ ಗಮನಾರ್ಹವಾದದ್ದು. ನಿದ್ದೆಯಲ್ಲಿದ್ದವನು ಗುಡುಗಿಗೆ ಎಚ್ಚರಗೊಂಡಂತೆ ತಾನು ಎಚ್ಚತ್ತೆನೆಂದೂ, ಅದಕ್ಕೆ ಹಿಂದೆ ಕಟ್ಟಿದ ಚರ್ಚುಗಳನ್ನು ನೆನೆದರೆ ನಾಚಿಕೆಯಾಗುವುದೆಂದೂ ಅವನು ಹೇಳಿಕೊಂಡಿದ್ದಾನೆ. ಇದು ತಾತನ ಮನೆಯ ಭಾಷೆ. ಪಾಪಿಯ ಹೃದಯವು ತಿರುಗುವುದನ್ನು ಹೇಳಲು ಆ ಮನೆಯವರು ಬಳಸುತ್ತಿದ್ದ ಮಾತುಗಳನ್ನೇ ಮೊಮ್ಮಗನು ಕಿಟಕಿಯ ಚೌಕಟ್ಟಿನ ವಿಷಯದಲ್ಲಿ ತನ್ನ ಮತಿ ತಿರುಗಿದುದಕ್ಕೆ ಬಳಸಿದನು. ಪ್ಯೂಜಿನನಂತೆ ಅವನು ಮತಾಂತರ ಹೊಂದಲಿಲ್ಲ. ಆಂಗ್ಲಿಕನ್ ಆಗಿಯೇ ಉಳಿದನು. ಆದರೆ ಅಂತರಂಗಕ್ಕೆ ಸಲ್ಲಬೇಕಾದ ಶ್ರದ್ಧೆಯ ಒಂದು ದೊಡ್ಡ ಪಾಲು ಆ ಹೊತ್ತಿನಿಂದ ಆಕಾರಕ್ಕೆ ಸಂದಾಯವಾಗತೊಡಗಿತು. 1839ರಲ್ಲಿ ಕೇಂಬ್ರಿಜ್ಜಿನ ತರುಣರು ಸ್ಥಾಪಿಸಿದ ಕ್ಯಾಮ್ಡನ್ ಸಂಘವು ‘ಎಕ್ಲೀಸಿಯಾಲಜಿಸ್ಟ್’ ಪತ್ರಿಕೆಯ ಮೂಲಕ ಯಾವ ಚರ್ಚು ಶುದ್ಧ, ಯಾವುದು ಅಶುದ್ಧ ಎಂದು ತೀರ್ಪು ಕೊಡುತ್ತಿದ್ದ ಕಾಲವದು. ಶಿಲ್ಪಿಗಳಿಗೂ ಅಲ್ಲಿ ಪ್ರಶಂಸೆ ಖಂಡನೆಗಳು ನಡೆಯುತ್ತಿದ್ದವು.

ಆದರೆ ಹೊಸ ನಂಬಿಕೆಯ ಮೊದಲ ದೊಡ್ಡ ಕೆಲಸದಲ್ಲಿಯೇ ಅದರ ಬಿರುಕು ಕಾಣಿಸಿತು. 1841ರಿಂದ 1843ರವರೆಗೆ ಆಕ್ಸ್‌ಫರ್ಡಿನಲ್ಲಿ ಸ್ಕಾಟನು ಕಟ್ಟಿದ ಹುತಾತ್ಮರ ಸ್ಮಾರಕವು 1555 ಮತ್ತು 1556ರಲ್ಲಿ ಕ್ಯಾಥೊಲಿಕ್ ರಾಣಿಯ ಆಳಿಕೆಯಲ್ಲಿ ಬೆಂಕಿಗೆ ಆಹುತಿಯಾದ ಲ್ಯಾಟಿಮರ್, ರಿಡ್ಲಿ, ಕ್ರ್ಯಾನ್ಮರ್ ಎಂಬ ಪ್ರಾಟೆಸ್ಟಂಟ್ ಧರ್ಮಗುರುಗಳ ನೆನಪಿಗೆ ಎತ್ತಿದ್ದು. ಆಕ್ಸ್‌ಫರ್ಡಿನಲ್ಲಿಯೇ ಹಬ್ಬುತ್ತಿದ್ದ ರೋಮಿನ ಕಡೆಯ ಒಲವಿಗೆ ಒಂದು ಪ್ರತ್ಯುತ್ತರವಾಗಿರಲೆಂಬುದು ಅದನ್ನು ಬಯಸಿದವರ ಇಂಗಿತ. ಸ್ಕಾಟನು ಅದಕ್ಕೆ ಆರಿಸಿಕೊಂಡ ಮಾದರಿಯೋ, 1290ರಲ್ಲಿ ತೀರಿಕೊಂಡ ಎಲಿನರ್ ರಾಣಿಯ ಶವವನ್ನು ಒಯ್ಯುವಾಗ ತಂಗಿದ ಎಡೆಗಳಲ್ಲಿ ಮೊದಲನೆಯ ಎಡ್ವರ್ಡ್ ದೊರೆ ನಿಲ್ಲಿಸಿದ ಶಿಲುಬೆಗಂಬಗಳದು. ಹಾದುಹೋಗುವವರು ಸತ್ತವಳ ಆತ್ಮಕ್ಕಾಗಿ ಪ್ರಾರ್ಥಿಸಲೆಂದು ಹುಟ್ಟಿದ ಆಕಾರವದು. ಸತ್ತವರಿಗಾಗಿ ಪ್ರಾರ್ಥಿಸುವ ಆಚಾರವನ್ನು ಕೈಬಿಟ್ಟ ಮತಕ್ಕಾಗಿ ಪ್ರಾಣಕೊಟ್ಟವರ ಮೂರ್ತಿಗಳು ಈಗ ಅದರ ಗೂಡುಗಳಲ್ಲಿ ನಿಂತವು. ಪ್ಯೂಜಿನನು ಸಿಟ್ಟಿಗೆದ್ದು ಆ ಸ್ಮಾರಕದ ಯೋಚನೆಯನ್ನೇ ಖಂಡಿಸಿ ಒಂದು ಪತ್ರವನ್ನು ಅಚ್ಚುಮಾಡಿಸಿದ್ದನು. ಅವನ ಸಿಟ್ಟಿಗೆ ಕಾರಣವಿತ್ತು: ಚೂಪು ಕಮಾನು ಒಂದು ಶ್ರದ್ಧೆಯ ಶರೀರವೇ ಆಗಿದ್ದರೆ, ಅದು ಆ ಶ್ರದ್ಧೆಯ ವಿರೋಧಿಗಳನ್ನು ಇಷ್ಟು ಸೊಗಸಾಗಿ ಹೊತ್ತು ನಿಲ್ಲಬಾರದಾಗಿತ್ತು.

ಎರಡನೆಯ ಬಿರುಕು ಜರ್ಮನಿಯಲ್ಲಿ. 1842ರ ಮಹಾಗ್ನಿಯಲ್ಲಿ ಹ್ಯಾಂಬರ್ಗ್ ನಗರದ ಸಂತ ನಿಕೋಲಾಸನ ಚರ್ಚು ಉರಿದುಹೋಗಿ, ಹೊಸದನ್ನು ಕಟ್ಟಲು ಏರ್ಪಡಿಸಿದ ಸ್ಪರ್ಧೆಯಲ್ಲಿ, ಗಾಟ್‌ಫ್ರೀಡ್ ಸೆಂಪರನಂಥ ಜರ್ಮನ್ ಶಿಲ್ಪಿಯೂ ಸ್ಪರ್ಧಿಸಿದ್ದಾಗ, ಕೆಲಸವು ಸ್ಕಾಟನ ಗೋಥಿಕ್ ನಕ್ಷೆಗೆ ದಕ್ಕಿತು. ಇಂಗ್ಲೆಂಡಿನ ಶಿಲ್ಪಿಗೆ ಇದು ದೊಡ್ಡ ಕೀರ್ತಿ. ‘ಎಕ್ಲೀಸಿಯಾಲಜಿಸ್ಟ್’ ಪತ್ರಿಕೆ ಮಾತ್ರ, ಪವಿತ್ರವಾದ ಆಕಾರವನ್ನು ಲೂಥರನ ಅನುಯಾಯಿಗಳಿಗೆ ಒಪ್ಪಿಸಿದುದು ಧರ್ಮದ್ರೋಹವೆಂಬಂತೆ ಅವನನ್ನು ಆಕ್ಷೇಪಿಸಿತು. ಸ್ಕಾಟನು ಲೂಥರನ್ನರ ಮತವು ನಮ್ಮದಕ್ಕೆ ದೂರವಲ್ಲವೆಂಬ ಧಾಟಿಯಲ್ಲಿ ಸಮಾಧಾನ ಹೇಳಿ ಕೆಲಸವನ್ನು ಮುಂದುವರಿಸಿದನು. 1874ರಲ್ಲಿ ಮುಗಿದ ಅದರ 147 ಮೀಟರ್ ಎತ್ತರದ ಶಿಖರವು ಎರಡು ವರ್ಷಗಳ ಕಾಲ ಜಗತ್ತಿನಲ್ಲೇ ಅತ್ಯುನ್ನತವೆನಿಸಿತ್ತು. 1943ರಲ್ಲಿ ಬಾಂಬುಗಳು ಚರ್ಚನ್ನು ಕೆಡವಿದಾಗಲೂ ಆ ಶಿಖರವು ಉಳಿದು, ಈಗ ಯುದ್ಧದಲ್ಲಿ ಮಡಿದವರ ಸ್ಮಾರಕವಾಗಿದೆ. ಅಂದರೆ, ಒಂದು ಮತದ ನಿಷ್ಠೆಯನ್ನು ಕುರಿತ ಜಗಳಕ್ಕೆ ವಸ್ತುವಾಗಿದ್ದ ಕಲ್ಲುಗಳು ಯಾವ ಮತದವನೂ ತಲೆಬಾಗುವ ಅರ್ಥವನ್ನು ಪಡೆದಿವೆ.

ಇಷ್ಟಾದರೂ ಸ್ಕಾಟನು ಇಟ್ಟ ಹೆಜ್ಜೆ ಗೋಥಿಕ್ಕಿನಿಂದ ಗೋಥಿಕ್ಕಿಗೇ. ಅವನ ಪರೀಕ್ಷೆ ನಡೆದದ್ದು ಲಂಡನ್ನಿನ ವೈಟ್‌ಹಾಲಿನಲ್ಲಿ. ವಿದೇಶಾಂಗ ಕಚೇರಿಗೆ ಹೊಸ ಕಟ್ಟಡ ಬೇಕೆಂದು ಸರ್ಕಾರವು ನಡೆಸಿದ ಸ್ಪರ್ಧೆಯಲ್ಲಿ ಅವನ ಗೋಥಿಕ್ ನಕ್ಷೆಗೆ ಮೂರನೆಯ ಸ್ಥಾನ ದೊರೆತಿದ್ದರೂ, 1858ರಲ್ಲಿ ಡರ್ಬಿ ಪ್ರಭುವಿನ ಸರ್ಕಾರವು ಕೆಲಸವನ್ನು ಅವನಿಗೇ ವಹಿಸಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಅವನು ಲೌಕಿಕ ಕಟ್ಟಡಗಳಿಗೂ ಗೋಥಿಕ್ ಶೈಲಿಯೇ ಯೋಗ್ಯವೆಂದು ವಾದಿಸುವ ಒಂದು ಪುಸ್ತಕವನ್ನು ಪ್ರಕಟಿಸಿದ್ದನು. 1859ರಲ್ಲಿ ಸರ್ಕಾರ ಬದಲಾಗಿ, 75ರ ಹತ್ತಿರದ ಪಾಮರ್‌ಸ್ಟನ್ ಪ್ರಭು ಮತ್ತೆ ಪ್ರಧಾನಮಂತ್ರಿಯಾದನು. ಅವನಿಗೆ ಗೋಥಿಕ್ ಕಂಡರೆ ಆಗದು. ಅದು ಪಾದ್ರಿಗಳ ಮಠಕ್ಕೋ ವಿದ್ಯಾಲಯಕ್ಕೋ ಒಪ್ಪೀತೆಂಬುದು ಅವನ ಭಾವನೆ. ಇಟಾಲಿಯನ್ ಶೈಲಿಯಲ್ಲಿ ಬೇರೆ ನಕ್ಷೆ ಬರೆದು ತರಬೇಕೆಂದು ಅವನು ಸ್ಕಾಟನನ್ನು ಕರೆಸಿ ವಿನೋದವಾಗಿಯೇ ಹೇಳಿದನು. ಸ್ಕಾಟನು ಮಧ್ಯಮಾರ್ಗವನ್ನು ಹುಡುಕಿ, ದುಂಡು ಕಮಾನುಳ್ಳ ಬೈಜಾಂಟೈನ್ ನಕ್ಷೆಯೊಂದನ್ನು ಒಡ್ಡಿದನು. ಇದು ಅತ್ತಲೂ ಅಲ್ಲ ಇತ್ತಲೂ ಅಲ್ಲ, ಬರಿಯ ಸಂಕರಸಂತಾನವೆಂದು ಪಾಮರ್‌ಸ್ಟನ್ ಅದನ್ನು ತಳ್ಳಿಹಾಕಿದನು.

ಆಗ ಸ್ಕಾಟನ ಮುಂದೆ ಇದ್ದವು ಎರಡೇ ದಾರಿ: ಕೆಲಸವನ್ನು ಬಿಡುವುದು, ಇಲ್ಲವೆ ಮತವನ್ನು ಬಿಡುವುದು. ರಾಜೀನಾಮೆಯ ಯೋಚನೆ ಅವನನ್ನು ಬಹುವಾಗಿ ಬಾಧಿಸಿತು. ಕಡೆಗೆ ಅವನು ತನಗೆ ತಾನೇ ಹೇಳಿಕೊಂಡ ಸಮಾಧಾನವನ್ನು ಮರೆಮಾಚದೆ ಬರೆದಿಟ್ಟಿದ್ದಾನೆ: ಇದು ದೈವವು ತನ್ನ ಕುಟುಂಬದ ಕೈಯಲ್ಲಿ ಇಟ್ಟ ಒಂದು ಬಗೆಯ ಸ್ವತ್ತು, ಅದನ್ನು ಕೈಯಾರೆ ಚೆಲ್ಲುವ ಅಧಿಕಾರ ತನಗಿಲ್ಲ. ಹೀಗೆ ನಿಶ್ಚಯಿಸಿ, ಇಟಾಲಿಯನ್ ಶಿಲ್ಪವನ್ನು ಕುರಿತ ಬೆಲೆಬಾಳುವ ಗ್ರಂಥಗಳನ್ನು ಕೊಂಡು, ಪ್ಯಾರಿಸ್ಸಿಗೆ ಹೋಗಿ ಅಲ್ಲಿನ ಕಟ್ಟಡಗಳನ್ನು ನೋಡಿ, 50 ವರ್ಷದ ಸುಪ್ರಸಿದ್ಧ ಶಿಲ್ಪಿಯು ತಾನು ಸುಳ್ಳೆಂದು ಸಾರಿದ್ದ ಶಾಸ್ತ್ರವನ್ನು ಹೊಸ ವಿದ್ಯಾರ್ಥಿಯಂತೆ ಅಭ್ಯಾಸಮಾಡಿದನು. 1861ರಲ್ಲಿ ಕಾಮನ್ಸ್ ಸಭೆಯಲ್ಲಿ ವಾದ ನಡೆದು ಇಟಾಲಿಯನ್ ನಕ್ಷೆಗೆ ಒಪ್ಪಿಗೆ ದೊರೆಯಿತು. 1868ರ ಹೊತ್ತಿಗೆ ವಿದೇಶಾಂಗ ಕಚೇರಿ ಸಿದ್ಧವಾಯಿತು. ಅದರೊಡನೆ ಸೇರಿಕೊಂಡಿರುವ ಇಂಡಿಯಾ ಕಚೇರಿಯ ಒಳಭಾಗವನ್ನು ಮ್ಯಾಥ್ಯೂ ಡಿಗ್ಬಿ ವಯಟ್ ರಚಿಸಿದನು. ಸೇಂಟ್ ಜೇಮ್ಸ್ ಉದ್ಯಾನದ ಕಡೆಯಿಂದ ನೋಡಿದರೆ ಇಂದಿಗೂ ಆ ಕಟ್ಟಡವು ಗಂಭೀರವಾಗಿಯೂ ಮನೋಹರವಾಗಿಯೂ ಇದೆ. ಒಲ್ಲದ ಮನಸ್ಸಿನ ಗುರುತು ಅದರ ಕಲ್ಲಿನಲ್ಲಿ ಎಲ್ಲಿಯೂ ಕಾಣದು.

ಇದು ಪತನವೆ? ಸಮಕಾಲೀನರಲ್ಲಿ ಅನೇಕರು ಹೌದೆಂದರು. ಗೋಥಿಕ್ ಪಕ್ಷದವರು ತಮ್ಮ ಸೇನಾಪತಿಯೇ ಶತ್ರುವಿನ ಸಮವಸ್ತ್ರವನ್ನು ತೊಟ್ಟನೆಂದು ಖಿನ್ನರಾದರು. ನಮ್ಮ ವಿವೇಚನೆಯಲ್ಲಿ ಎರಡು ದೋಷಗಳನ್ನು ಬೇರೆಬೇರೆಯಾಗಿ ತೂಗಬೇಕು. ಕೊಟ್ಟ ಮಾತನ್ನು, ಸಾರಿದ ಮತವನ್ನು ಅಧಿಕಾರದ ಒತ್ತಡಕ್ಕೆ ಸಿಕ್ಕಿ ಬಿಟ್ಟದ್ದು ಒಂದು; ಒಂದು ಆಕಾರದಿಂದ ಇನ್ನೊಂದು ಆಕಾರಕ್ಕೆ ಹೋದದ್ದು ಮತ್ತೊಂದು. ಮೊದಲನೆಯದು ವ್ರತಭಂಗ, ಅದರ ಮಟ್ಟಿಗೆ ಸ್ಕಾಟನು ಸಣ್ಣವನಾದದ್ದು ನಿಜ. ಆದರೆ ಗೃಹಸ್ಥನಾದವನಿಗೆ ಹೆಂಡತಿ ಮಕ್ಕಳು, ಕಚೇರಿಯನ್ನು ನಂಬಿ ಬದುಕುವ ಹತ್ತಾರು ಜನ—ಇವರ ಯೋಗಕ್ಷೇಮವೂ ಧರ್ಮವೇ ಆಗಿರುವುದರಿಂದ, ಆ ವ್ರತಭಂಗವನ್ನು ಸಂನ್ಯಾಸಿಯ ವ್ರತಭಂಗದಂತೆ ಅಳೆಯುವುದು ನ್ಯಾಯವಲ್ಲ. ಎರಡನೆಯದೋ, ಆಕಾರದಲ್ಲಿಯೇ ಸತ್ಯವಿದೆಯೆಂದು ಮೊದಲು ಒಪ್ಪಿದರೆ ಮಾತ್ರ ದೋಷ. ಹಾಗೆ ಒಪ್ಪಿದವನು ಸ್ಕಾಟನೇ ಆದುದರಿಂದ ಅವನ ಮನಸ್ಸು ನೊಂದಿತು. ಆ ಒಪ್ಪಿಗೆಯೇ ಸರಿಯೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ನೋವು ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ಮುಂದಿನ ಹೋಟೆಲೇ ಸಾಕ್ಷಿ. ವಿದೇಶಾಂಗ ಕಚೇರಿಗೆ ಬರೆದ ಗೋಥಿಕ್ ನಕ್ಷೆಯನ್ನೇ ಅಲ್ಲಿ ಬಳಸಿದನೆಂಬ ಜನಜನಿತವಾದ ಕಥೆ ನಿಜವಲ್ಲ. ಆದರೆ ಪಾಮರ್‌ಸ್ಟನ್ನನಿಂದ ಆದ ಆಶಾಭಂಗದ ಅನಂತರ ಲಂಡನ್ನಿನಲ್ಲಿ ತನ್ನ ಶೈಲಿಯ ಒಂದು ದೊಡ್ಡ ಲೌಕಿಕ ಕಟ್ಟಡವನ್ನು ಎತ್ತುವ ಅವಕಾಶ ಒದಗಿದುದಕ್ಕೆ ತಾನು ಸಂತೋಷಪಟ್ಟೆನೆಂದು ಅವನೇ ಬರೆದಿದ್ದಾನೆ. ಹಿಂದುಗಡೆ, ಇಂಜಿನಿಯರ್ ಬಾರ್ಲೋ 240 ಅಡಿ ಅಗಲಕ್ಕೆ ನಡುವೆ ಒಂದೂ ಕಂಬವಿಲ್ಲದಂತೆ ಬಾಗಿಸಿದ ಕಬ್ಬಿಣದ ಛಾವಣಿ. ಅದರ ಕೆಳಗಿನ ನೆಲಮಾಳಿಗೆಯಲ್ಲಿ ಬರ್ಟನ್ ಊರಿನಿಂದ ಬರುವ ಬಿಯರ್ ಪೀಪಾಯಿಗಳ ಅಳತೆಗೆ ಸರಿಯಾಗಿ ನೆಟ್ಟ ಕಂಬಗಳು. ಮುಂದುಗಡೆ, ಸ್ಕಾಟನ ಕೆಂಪಿಟ್ಟಿಗೆಯ ಶಿಖರಗಳು, ಚೂಪು ಕಮಾನುಗಳು, 1873ರಲ್ಲಿ ಬಾಗಿಲು ತೆರೆದ ವೈಭವದ ಹೋಟೆಲು. ಇದು ತನ್ನ ಉದ್ದೇಶಕ್ಕೆ ಅತಿಯಾಗಿಯೇ ಒಳ್ಳೆಯದಾಯಿತೇನೋ ಎಂಬ ಅರ್ಥದ ಮಾತನ್ನು ಅವನು ಹೆಮ್ಮೆಯಿಂದಲೇ ಆಡಿದ್ದಾನೆ. ಆ ಹೆಮ್ಮೆಯಲ್ಲಿ ಪ್ಯೂಜಿನನ ಮೊದಲನೆಯ ಸೂತ್ರವು ಮುರಿದುಬಿದ್ದಿದೆ: ಉದ್ದೇಶವನ್ನು ಮೀರಿದ ಸೊಬಗು ಆ ಸೂತ್ರದ ಪ್ರಕಾರ ಗುಣವಲ್ಲ, ಅನೌಚಿತ್ಯ. ಪೀಪಾಯಿಯ ಅಳತೆಗೆ ಕಂಬ ನೆಟ್ಟವನೇ ಆ ಸೂತ್ರಕ್ಕೆ ಹೆಚ್ಚು ವಿಧೇಯನಾಗಿದ್ದನು.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ತಾನು ಇಷ್ಟು ಸಲ ಬದಲಾದ ಈ ಮನುಷ್ಯನು ಹಳೆಯ ಚರ್ಚುಗಳಿಗೆ ಬದಲಾಗುವ ಹಕ್ಕನ್ನು ಕೊಡಲು ಒಲ್ಲದವನಾಗಿದ್ದನು. ಇಂಗ್ಲೆಂಡಿನ ಪ್ರಾಚೀನ ಚರ್ಚುಗಳು ಒಂದೇ ಕಾಲದಲ್ಲಿ ಕಟ್ಟಿದವಲ್ಲ. ಒಂದು ತಲೆಮಾರು ಹಾಕಿದ ಗೋಡೆಗೆ ಮುಂದಿನ ತಲೆಮಾರು ಕಿಟಕಿಯನ್ನು ಅಗಲಿಸಿ, ಅದರ ಮುಂದಿನದು ಛಾವಣಿಯನ್ನು ತಗ್ಗಿಸಿ, ಹೀಗೆ ಬೆಳೆದವು. 1840ರ ದಶಕದಲ್ಲಿ ಸ್ಟ್ಯಾಫರ್ಡ್ ನಗರದ ಸಂತ ಮೇರಿಯ ಚರ್ಚನ್ನು ಜೀರ್ಣೋದ್ಧಾರ ಮಾಡುವಾಗ ಸ್ಕಾಟನು ಕೆಲವೆಡೆ ಈಚಿನ ಕಾಲದ ಕೆಲಸವನ್ನು ಕಿತ್ತು, ಅದಕ್ಕೂ ಹಿಂದೆ ಇದ್ದಿರಬಹುದಾದ ಶುದ್ಧರೂಪವನ್ನು ಹೊಸದಾಗಿ ಕಟ್ಟಲು ಹೊರಟಾಗ, ಪೆಟಿಟ್ ಎಂಬ ಪಾದ್ರಿಯು ಈಚಿನವರ ಕೆಲಸವೂ ಇತಿಹಾಸವೇ, ಅದನ್ನು ಅಳಿಸಬಾರದು ಎಂದು ವಿರೋಧಿಸಿದನು. ಕ್ಯಾಮ್ಡನ್ ಸಂಘವು ಸ್ಕಾಟನ ಪಕ್ಷವನ್ನು ಹಿಡಿಯಿತು. ಮುಂದಿನ 30 ವರ್ಷಗಳಲ್ಲಿ ಈಲಿ, ಲಿಚ್‌ಫೀಲ್ಡ್, ಹೆರೆಫರ್ಡ್, ಸಾಲ್ಸ್‌ಬರಿ ಮೊದಲಾದ ಕೆಥೀಡ್ರಲುಗಳು ಅವನ ಕೈಗೆ ಬಂದವು. ಬೀಳುವುದರಲ್ಲಿದ್ದ ಎಷ್ಟೋ ಗೋಪುರಗಳನ್ನು ಅವನು ಉಳಿಸಿದನೆಂಬುದೂ, ಉಳಿಸುತ್ತ ಎಷ್ಟನ್ನೋ ಹೊಸದು ಮಾಡಿದನೆಂಬುದೂ ಎರಡೂ ಸತ್ಯ.

1877ರಲ್ಲಿ ಟ್ಯೂಕ್ಸ್‌ಬರಿಯ ಆಬೆಯು ಸ್ಕಾಟನ ಜೀರ್ಣೋದ್ಧಾರಕ್ಕೆ ಒಳಗಾಗಲಿದೆಯೆಂಬ ಸುದ್ದಿಯನ್ನು ಕೇಳಿ ಕೆರಳಿದ ಕವಿ ವಿಲಿಯಂ ಮಾರಿಸ್, ಪತ್ರಿಕೆಗೆ ಬರೆದು, ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನೇ ಕಟ್ಟಿದನು. ಆ ಮಾರಿಸನು ಶಿಲ್ಪವನ್ನು ಕಲಿತದ್ದು ಸ್ಟ್ರೀಟ್ ಎಂಬ ಶಿಲ್ಪಿಯ ಕಚೇರಿಯಲ್ಲಿ. ಸ್ಟ್ರೀಟನು ಅದಕ್ಕೆ ಮುಂಚೆ ಕೆಲಸ ಮಾಡಿದ್ದು ಸ್ಕಾಟನ ಕಚೇರಿಯಲ್ಲಿ. ಹೀಗೆ ಶಿಷ್ಯನ ಶಿಷ್ಯನೇ ಎದ್ದುನಿಂತು, ಕಟ್ಟಡದ ಸತ್ಯವು ಅದರ ಹುಟ್ಟಿನ ಶುದ್ಧರೂಪದಲ್ಲಿ ಇಲ್ಲ, ಅದರ ಮೇಲೆ ಹಾದುಹೋದ ಕಾಲದಲ್ಲಿ ಇದೆ ಎಂದು ವಾದಿಸಿದನು. ಮರುವರ್ಷ ಮಾರ್ಚಿಯಲ್ಲಿ ಸ್ಕಾಟನು ತೀರಿಕೊಂಡನು. ವಾದದಲ್ಲಿ ಮಾರಿಸನದೇ ಮೇಲುಗೈಯೆಂದು ಇಂದಿನವರೆಲ್ಲರೂ ಹೆಚ್ಚುಕಡಮೆ ಒಪ್ಪುತ್ತಾರೆ. ಆದರೂ ಒಂದು ಮಾತು ಉಳಿಯುತ್ತದೆ. ಸ್ಕಾಟನು ಕಾಲವನ್ನು 13ನೆಯ ಶತಮಾನದಲ್ಲಿ ನಿಲ್ಲಿಸಲು ಹೊರಟನು. ಮಾರಿಸನು ಅದನ್ನು ತಾನು ನಿಂತ ಗಳಿಗೆಯಲ್ಲಿ ನಿಲ್ಲಿಸಲು ಬಯಸಿದನು. ಆಕಾರವನ್ನು ಮುಟ್ಟಬಾರದ ಸತ್ಯವೆಂದು ಕಾಣುವ ದೃಷ್ಟಿಯು ಎರಡರಲ್ಲಿಯೂ ಸಮಾನವಾದದ್ದು.

ಆಕಾರದ ಅರ್ಥವು ಹೇಗೆ ಹುಟ್ಟುತ್ತದೆಂಬುದಕ್ಕೆ ನಮಗೆ ಹತ್ತಿರದ ಒಂದು ಸಾಕ್ಷ್ಯವಿದೆ. ಮುಂಬಯಿ ವಿಶ್ವವಿದ್ಯಾನಿಲಯದ ಘಟಿಕೋತ್ಸವ ಮಂದಿರವನ್ನೂ ರಾಜಾಬಾಯಿ ಗಡಿಯಾರ ಗೋಪುರವನ್ನೂ ರೂಪಿಸಿದವನು ಭಾರತವನ್ನು ಕಣ್ಣಿನಿಂದ ಕಾಣದ ಇದೇ ಸ್ಕಾಟನು. ಲಂಡನ್ನಿನಲ್ಲಿ ಬರೆದ ನಕ್ಷೆಗಳು ಹಡಗಿನಲ್ಲಿ ಬಂದು 1870ರ ದಶಕದಲ್ಲಿ ಕಲ್ಲಾದವು. ಮಂದಿರಕ್ಕೆ ಹಣವನ್ನು ಕೊಟ್ಟವನು ಪಾರಸಿ ದಾನಿ ಕಾವಸ್‌ಜಿ ಜಹಾಂಗೀರ್ ರೆಡಿಮನಿ. ಗೋಪುರಕ್ಕೆ ಕೊಟ್ಟವನು ಜೈನ ವರ್ತಕ ಪ್ರೇಮಚಂದ ರಾಯಚಂದ, ತನ್ನ ತಾಯಿ ರಾಜಾಬಾಯಿಯ ಹೆಸರಿನಲ್ಲಿ. ಕ್ರೈಸ್ತಶ್ರದ್ಧೆಗೆ ಮಾತ್ರ ಸಲ್ಲುವ ಶರೀರವೆಂದು ಪ್ಯೂಜಿನನು ಹೇಳಿದ ಆಕಾರದೊಳಗೆ ಅಗ್ನಿಯ ಉಪಾಸಕನ ಔದಾರ್ಯವೂ ಅಹಿಂಸಾವ್ರತಿಯ ಮಾತೃಭಕ್ತಿಯೂ ಯಾವ ಇಕ್ಕಟ್ಟೂ ಇಲ್ಲದೆ ನೆಲಸಿದವು. ಧಾರವಾಡದಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಮುಂಬಯಿ ಕರ್ನಾಟಕದ ತರುಣರಿಗೆ ಪದವಿಯನ್ನು ಕೊಡುತ್ತಿದ್ದುದು ಆ ವಿಶ್ವವಿದ್ಯಾನಿಲಯವೇ. ಅವರಿಗೆ ಆ ಚೂಪು ಕಮಾನುಗಳು ಪುನರುತ್ಥಾನದ ಚಿಹ್ನೆಯಾಗಿರಲಿಲ್ಲ, ವಿದ್ಯೆಯ ಚಿಹ್ನೆಯಾಗಿದ್ದವು. ಮಾತಿನ ಅರ್ಥವು ಬಳಕೆಯಿಂದ ಬರುವಂತೆ ಆಕಾರದ ಅರ್ಥವೂ ಬಳಕೆಯಿಂದ ಬರುತ್ತದೆ. ಹುಟ್ಟಿನಿಂದ ಅಂಟಿಕೊಂಡು ಬರುವುದಿಲ್ಲ.

ಹಾಗಾದರೆ ಆಕಾರವು ಉದಾಸೀನವಾದದ್ದು, ಹೇಗೆ ಕಟ್ಟಿದರೂ ಒಂದೇ ಎಂದು ಹೇಳೋಣವೆ? ಅದೂ ಸರಿಯಲ್ಲ. ಎತ್ತರವಾದ ಮಂದಿರದೊಳಗೆ ಮನಸ್ಸು ಏರುವುದೂ ತಗ್ಗಿನ ಕತ್ತಲಕೋಣೆಯಲ್ಲಿ ಅದು ಕುಗ್ಗುವುದೂ ಎಲ್ಲರ ಅನುಭವ. ಶಿಲ್ಪಿಯ ಕೈಯಲ್ಲಿ ಮನುಷ್ಯರ ಭಾವವನ್ನು ತಿದ್ದುವ ಶಕ್ತಿ ಉಂಟು. ನಾನು ಹೇಳುವುದಿಷ್ಟೆ: ಆ ಶಕ್ತಿಯು ಧರ್ಮವೋ ಅಧರ್ಮವೋ ಆಗುವುದು ಕಮಾನಿನ ಗೆರೆಯಲ್ಲಿ ಅಲ್ಲ, ನಕ್ಷೆಯಲ್ಲಿ. ಯಾರು ಯಾವ ಬಾಗಿಲಿನಿಂದ ಬರಬೇಕು, ಯಾರು ಯಾರೊಡನೆ ಇರಬಹುದು, ಯಾರ ಕಣ್ಣು ಯಾರ ಮೇಲಿರಬೇಕು, ಬೆಳಕು ಯಾರಿಗೆ ದೊರೆಯಬೇಕು—ಇವುಗಳನ್ನು ಶಿಲ್ಪಿಯು ನೆಲದ ಮೇಲೆ ಗೆರೆಯೆಳೆದು ನಿಶ್ಚಯಿಸುವಾಗ ಅವನು ಮನುಷ್ಯರ ಬಾಳನ್ನೇ ನಿಶ್ಚಯಿಸುತ್ತಾನೆ.

ಆಶ್ಚರ್ಯವೆಂದರೆ, ಇದನ್ನು ಕಂಡವನು ಸ್ವಯಂ ಪ್ಯೂಜಿನನೇ. ‘ಕಾಂಟ್ರಾಸ್ಟ್ಸ್’ ಗ್ರಂಥದ 1841ರ ಎರಡನೆಯ ಮುದ್ರಣಕ್ಕೆ ಅವನು ಸೇರಿಸಿದ ಚಿತ್ರಗಳಲ್ಲಿ ಬಡವರ ವಸತಿಯದೂ ಒಂದು. ಒಂದು ಕಡೆ ಮಧ್ಯಯುಗದ ಧರ್ಮಶಾಲೆ: ಅಲ್ಲಿ ಬಡವನಿಗೆ ಮೈತುಂಬ ಉಡುಪು, ಹೊಟ್ಟೆತುಂಬ ಊಟ, ಸತ್ತರೆ ಪ್ರಾರ್ಥನೆಯೊಡನೆ ಸಂಸ್ಕಾರ. ಇನ್ನೊಂದು ಕಡೆ ಹೊಸ ಕಾಲದ ಬಡವರ ಮನೆ: ಬಯಲಿನಲ್ಲಿ ನಿಂತ ಕೋನಾಕೃತಿಯ ಗೋಡೆ, ನಡುವೆ ಕಾವಲಿನ ಕಟ್ಟಡ, ಕೋಣೆಯಲ್ಲಿ ಒಂಟಿಯಾದ ಬಡವ, ಕೈಯಲ್ಲಿ ಚಾವಟಿ ಹಿಡಿದ ಮೇಲ್ವಿಚಾರಕ, ಊಟಕ್ಕೆ ಗಂಜಿ, ಸತ್ತರೆ ವೈದ್ಯವಿದ್ಯಾರ್ಥಿಗಳು ಸೀಳಲೆಂದು ಸಾಗಿಸುವ ಶವ. ಸ್ಕಾಟ್ ಮತ್ತು ಮಾಫಟರು ಊರೂರಲ್ಲಿ ವರ್ಕ್‌ಹೌಸುಗಳನ್ನು ಎತ್ತುತ್ತಿದ್ದ ವರ್ಷಗಳಲ್ಲಿಯೇ ಆ ಚಿತ್ರ ಅಚ್ಚಾಯಿತು. ಅದರಲ್ಲಿ ಪ್ಯೂಜಿನನು ತೋರಿಸಿದ ಪಾಪವೆಲ್ಲ ನಕ್ಷೆಯದು, ನಡವಳಿಕೆಯದು. ಆದರೆ ಅವನು ಅದಕ್ಕೆ ಪರಿಹಾರವನ್ನು ಶೈಲಿಯಲ್ಲಿ ಹುಡುಕಿದನು. ಉಪಯೋಗ ಔಚಿತ್ಯಗಳನ್ನು ಮೊದಲಿಗೆ ಇಟ್ಟ ತನ್ನ ಸೂತ್ರವನ್ನು ಕಡೆಯವರೆಗೆ ಹಿಂಬಾಲಿಸಿದ್ದರೆ, ಚೂಪು ಕಮಾನಿನ ವರ್ಕ್‌ಹೌಸೂ ವರ್ಕ್‌ಹೌಸೇ ಎಂಬ ನಿರ್ಣಯಕ್ಕೆ ಅವನು ಬಂದೇ ಬರುತ್ತಿದ್ದನು. ಅವನ ಶಿಷ್ಯರು ಸೂತ್ರವನ್ನು ಬಿಟ್ಟು ಕಮಾನನ್ನು ಹಿಡಿದರು.

ಸ್ಕಾಟನ ಜೀವನದ ಲೆಕ್ಕವನ್ನು ಈ ಬೆಳಕಿನಲ್ಲಿ ನೋಡಿದರೆ ಜಮಾಖರ್ಚು ಸ್ಥಳ ಬದಲಾಯಿಸುತ್ತವೆ. ವೈಟ್‌ಹಾಲಿನಲ್ಲಿ ಪಾಮರ್‌ಸ್ಟನ್ನನಿಗೆ ಮಣಿದುದನ್ನು ಅವನೂ ಅವನ ಕಾಲದವರೂ ಜನ್ಮದ ದೊಡ್ಡ ಅಪಜಯವೆಂದು ಎಣಿಸಿದರು. ಆದರೆ ಅಲ್ಲಿ ದುಂಡು ಕಮಾನಿನ ಕೆಳಗೆ ಕುಳಿತು ಕಾಗದ ಬರೆಯುವ ಗುಮಾಸ್ತನಿಗೆ ಚೂಪು ಕಮಾನು ತಪ್ಪಿದುದರಿಂದ ಆದ ಅನ್ಯಾಯವೇನೂ ಇಲ್ಲ. ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ, ಹೊಟ್ಟೆಯ ಪಾಡಿಗೆಂದು, ಶೈಲಿಯ ಚಿಂತೆಯಿಲ್ಲದೆ ಕಟ್ಟಿಕೊಟ್ಟ ಬಡವರ ಮನೆಗಳ ನಾಲ್ಕು ಅಂಗಳಗಳಲ್ಲಿ ಆದ ಅನ್ಯಾಯಕ್ಕೆ ಲೆಕ್ಕವಿಲ್ಲ. ಅದರ ಹೊಣೆ ಅವನೊಬ್ಬನದೇ ಅಲ್ಲ. ಶಾಸನವನ್ನು ಮಾಡಿದವರದು, ತೆರಿಗೆ ಇಳಿಯಿತೆಂದು ಹಿಗ್ಗಿದವರದು, ಮಾದರಿ ನಕ್ಷೆಯನ್ನು ಬರೆದವನದು ಎಲ್ಲ ಕೂಡಿ ಆದದ್ದು. ಆದರೂ ಶೈಲಿಯ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿ ನೊಂದ ಒಂದು ಅಂತಃಕರಣದ ಅತಿ ತೀವ್ರವಾದ ಸಂಕಟವೂ, ಅದು ಎಚ್ಚತ್ತ ಗಳಿಗೆಯ ಗುಡುಗೂ ಕಮಾನಿಗೆ ಸಂಬಂಧಿಸಿದವೇ ಆದುದು ಧರ್ಮಚಿಂತನೆ ಮಾಡುವವರೆಲ್ಲರಿಗೂ ಎಚ್ಚರಿಕೆಯ ಮಾತು. ಆಕಾರದ ಶುದ್ಧಿಯನ್ನು ಕಾಯುವ ಶ್ರದ್ಧೆಯು, ಆಕಾರವು ಮನುಷ್ಯರಿಗೆ ಏನು ಮಾಡುತ್ತಿದೆಯೆಂಬುದನ್ನು ನೋಡುವ ಕಣ್ಣನ್ನು ಮುಚ್ಚಿಬಿಡಬಲ್ಲದು. ಆದಕಾರಣ ಗುಡಿಯಾಗಲಿ, ಚರ್ಚಾಗಲಿ, ಕಚೇರಿಯಾಗಲಿ, ಅನಾಥಾಲಯವಾಗಲಿ, ಕಟ್ಟಲು ಹೊರಟವನನ್ನು ಮೊದಲು ಕೇಳಬೇಕಾದದ್ದು ಈ ಗೋಡೆ ಯಾರನ್ನು ಯಾರಿಂದ ಅಗಲಿಸುತ್ತದೆ ಎಂಬ ಪ್ರಶ್ನೆ. ಅದಕ್ಕೆ ತಲೆಯೆತ್ತಿ ಉತ್ತರ ಕೊಡಬಲ್ಲವನು ಕಮಾನನ್ನು ತನಗೆ ಇಷ್ಟ ಬಂದ ಆಕಾರದಲ್ಲಿ ಬಾಗಿಸಿಕೊಳ್ಳಲಿ.